ಹಸಿದ ಹುಳು ತಿಂದ ಗೋಸುಂಬೆ

ಕೋವಿಡ್ ಮಾಸ್ಕುಗಳು ಕಳಚಿ ಒಂದು ವರ್ಷವಾಗಿತ್ತು. ನಾನಾಗ ಅಮೆರಿಕದ ಹೇವರ್ಡ್‌ನ ಗೋದಾಮುಗಳ ಸಾಲಿನ ಕೊನೆಯಲ್ಲಿದ್ದ ಒಂದು ಪ್ರಾಣಿ ಕ್ಲಿನಿಕ್ಕಿನಲ್ಲಿ ಎಕ್ಸಾಟಿಕ್ಸ್ ವಿಭಾಗದ ಡಾಕ್ಟರು. ಎಕ್ಸಾಟಿಕ್ಸ್ ಎಂದರೆ ನಾಯಿ, ಬೆಕ್ಕು ಬಿಟ್ಟು ಜನ ಮನೆಯಲ್ಲಿ ಸಾಕುವ ಮಿಕ್ಕೆಲ್ಲ: ಆಮೆ, ಗಿಳಿ, ಹಾವು, ಗೋಸುಂಬೆ. ನಿವೃತ್ತಿಗೆ ಎರಡು ವರ್ಷ ಬಾಕಿಯಿತ್ತು. ನಮ್ಮ ಕನ್ನಡದವರ ಹಬ್ಬದೂಟಗಳಲ್ಲಿ ನನಗೆ ‘ಜಿರಲೆ ಡಾಕ್ಟರು’ ಎಂಬ ಹೆಸರು ಬಿದ್ದಿತ್ತು. ಹುಟ್ಟಾ ಸಸ್ಯಾಹಾರಿಯಾದ ನಾನು ಗ್ಯಾರೇಜಿನಲ್ಲಿ ಡುಬಿಯಾ ಎಂಬ ಜಾತಿಯ ಜಿರಲೆಗಳನ್ನು ಸಾಕಿದ್ದು ಅವರಿಗೆ ನಗೆಯ ವಿಷಯ. ಪಕ್ಕದಲ್ಲಿ ಕೂತವರು ತಟ್ಟೆಯನ್ನು ಸ್ವಲ್ಪ ಆಚೆ ಸರಿಸಿಕೊಂಡದ್ದೂ ಉಂಟು. ಹೌದು, ಸಾಕಿದ್ದೆ. ಈಗಲೂ ಸಾಕುತ್ತೇನೆ. ನನ್ನ ರೋಗಿಗಳು ಅನ್ನ ಸಾರು ಉಣ್ಣುವುದಿಲ್ಲ. ಇದರಲ್ಲಿ ನಾಚಿಕೆಪಡುವಂಥದ್ದು ಏನಿದೆ ಎಂದು ಇದುವರೆಗೆ ಯಾರೂ ನನಗೆ ತೋರಿಸಿಕೊಟ್ಟಿಲ್ಲ.

ಒಂದು ಬುಧವಾರ ಬೆಳಿಗ್ಗೆ ಸರಟೋಗಾದಿಂದ ಒಂದು ಮನೆಯ ಮೂವರು ಹೆಂಗಸರು ಬಂದರು. ಹದಿಮೂರು ವರ್ಷದ ಅನಿಕಾ, ಅವಳ ತಾಯಿ ರಶ್ಮಿ, ರಶ್ಮಿಯ ಅತ್ತೆ ಪುಟ್ಟತಾಯಮ್ಮ. ರಶ್ಮಿ ಬೆಂಗಳೂರಿನವಳು, ಎಂಜಿನಿಯರು. ಪುಟ್ಟತಾಯಮ್ಮನವರದು ಕೊಳ್ಳೇಗಾಲದ ಕಡೆ. ಮಗನ ಮನೆಗೆ ಬಂದು ಆರು ವರ್ಷವಾಗಿತ್ತು. ಅನಿಕಾಳ ಕೈಯಲ್ಲಿ ಟವೆಲ್ಲು ಹಾಸಿದ ಬುಟ್ಟಿ, ಅದರೊಳಗೆ ಮ್ಯಾಂಗೊ. ಮ್ಯಾಂಗೊ ಎರಡು ವರ್ಷದ ಗಂಡು ಪ್ಯಾಂಥರ್ ಗೋಸುಂಬೆ. ಆರೋಗ್ಯವಾಗಿದ್ದರೆ ಹಸಿರು ನೀಲಿ ಪಟ್ಟೆಗಳಿಂದ ಮಿಂಚಬೇಕಾದ ಪ್ರಾಣಿ ಒದ್ದೆ ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಹಿಂದಿನ ಚೀಟಿಯಲ್ಲಿ ತೂಕ 146 ಗ್ರಾಂ. ನನ್ನ ತಕ್ಕಡಿಯಲ್ಲಿ 91. ಹಗಲು ಹೊತ್ತಿನಲ್ಲೇ ಎರಡೂ ಕಣ್ಣು ಮುಚ್ಚಿಕೊಂಡಿತ್ತು. ಗೋಸುಂಬೆ ಹಗಲಲ್ಲಿ ಕಣ್ಣು ಮುಚ್ಚಿತೆಂದರೆ ನಮ್ಮ ವೃತ್ತಿಯಲ್ಲಿ ಅದು ಕೆಟ್ಟ ಸುದ್ದಿ.

ಕ್ಲಿನಿಕ್ಕಿನ ಹಿರಿಯ ಡಾಕ್ಟರು ಒಂದು ನಿಮಿಷ ನೋಡಿ, ನನ್ನನ್ನು ಬಾಗಿಲ ಬಳಿಗೆ ಕರೆದು, ಇಂಜೆಕ್ಷನ್ ಕೊಟ್ಟು ನೋವು ಮುಗಿಸುವುದೇ ದಯೆ ಎಂದರು. ರಶ್ಮಿಗೂ ಅದು ಕೇಳಿಸಿತು. “ಅಷ್ಟೊಂದು ಹಿಂಸೆ ಆಗ್ತಿದ್ರೆ ಉಳಿಸೋದು ಬೇಡ ಡಾಕ್ಟ್ರೇ” ಎಂದಳು. ಅನಿಕಾ ಮಾತ್ರ ಬುಟ್ಟಿಯಿಂದ ಕೈ ತೆಗೆಯಲಿಲ್ಲ. ಮ್ಯಾಂಗೊ ಬಾಲವನ್ನು ಅವಳ ಕಿರುಬೆರಳಿಗೆ ಸುತ್ತಿಕೊಂಡಿತ್ತು. “ನೋ. ಹಿ ಈಸ್ ಸ್ಟಿಲ್ ಹೋಲ್ಡಿಂಗ್ ಮಿ” ಎಂದಳು. ನಾನು ಹಿರಿಯ ಡಾಕ್ಟರಿಗೆ ಆಗುವುದಿಲ್ಲ ಎಂದೆ. ಎರಡು ವಾರ ಕೊಡಿ, ಆಮೇಲೂ ಹೀಗೇ ಇದ್ದರೆ ಸಿರಿಂಜು ನಾನೇ ಹಿಡಿಯುತ್ತೇನೆ ಎಂದೆ. ಅವರಿಗೆ ಹಿಡಿಸಲಿಲ್ಲ. ಹಿಡಿಸದಿದ್ದರೆ ಬಿಡಲಿ ಎಂದುಕೊಂಡು ಕೆಲಸ ಶುರುಮಾಡಿದೆ.

ಮೊದಲು ವಿಚಾರಣೆ. ದೀಪ ಸರಿ, ನೀರು ಸಿಂಪಡಿಸುವುದು ಸರಿ, ಗಿಡಗಳು ಸರಿ. ಊಟ? ದಿನಕ್ಕೆ ಆರು ಕ್ರಿಕೆಟ್ ಹುಳು, ಪೊದೆಗಳಲ್ಲಿ ಕಿರ್ರೆನ್ನುತ್ತವಲ್ಲ, ಅವು. ಎರಡು ವರ್ಷದಿಂದ ಅದೊಂದೇ. ಮೇಲೆ ಕ್ಯಾಲ್ಸಿಯಂ ಪುಡಿ ಉದುರಿಸುತ್ತಿದ್ದಳಂತೆ.

“ಸರಿ, ಆ ಹುಳುಗಳಿಗೆ ಏನು ತಿನ್ನೋಕೆ ಕೊಡ್ತೀಯ?” ಎಂದು ಕೇಳಿದೆ.

ಅನಿಕಾ ಅಜ್ಜಿಯ ಮುಖ ನೋಡಿದಳು. “ನಥಿಂಗ್. ದಟ್ಸ್ ಅಜ್ಜೀಸ್ ರೂಲ್.”

ಪುಟ್ಟತಾಯಮ್ಮ ತಲೆ ತಗ್ಗಿಸಲಿಲ್ಲ. “ನಾನೇ ಹೇಳಿದ್ದು ಡಾಕ್ಟ್ರಮ್ಮ. ಅಂಗಡಿಯಿಂದ ತಂದು ಹಂಗೇ ಹಾಕ್ಲಿ, ಅದ್ರ ಹಣೆಬರ. ನಮ್ಮನೇಲಿ ಮೇವು ಹಾಕಿ ಸಾಕಿ, ಅದೇ ಕೈಲಿ ಸಾವಿಗೆ ಕೊಡಕ್ಕಾಯ್ತದಾ?”

ಮಾಂಸ ಮುಟ್ಟದ ಮನೆಯಲ್ಲಿ ಗೋಸುಂಬೆ ಸಾಕಲು ಆಕೆ ಹಾಕಿದ್ದ ಷರತ್ತು ಅದು: ಹುಳು ಒಂದೇ ಜಾತಿಯದು ಇರಬೇಕು, ಅದಕ್ಕೆ ಮನೆಯ ಒಂದು ಎಲೆಯೂ ಬೀಳಬಾರದು. ಶನಿವಾರ ತಂದ ಹುಳುಗಳು ಗ್ಯಾರೇಜಿನ ಡಬ್ಬಿಯಲ್ಲಿ ಉಪವಾಸವಿರುತ್ತಿದ್ದವು. ಶುಕ್ರವಾರದ ಹೊತ್ತಿಗೆ ಅವು ಬರೀ ಸಿಪ್ಪೆ. ನಮ್ಮಲ್ಲಿ ‘ಗಟ್ ಲೋಡಿಂಗ್’ ಎಂಬ ಮಾತಿದೆ: ಹುಳುವನ್ನು ಪ್ರಾಣಿಗೆ ಕೊಡುವ ಮೊದಲು ಒಂದು ದಿನ ಅದಕ್ಕೆ ಸೊಪ್ಪು, ಕ್ಯಾರೆಟ್ಟು, ಗೆಣಸು ತಿನ್ನಿಸುವುದು. ಹುಳುವಿನ ಹೊಟ್ಟೆಯಲ್ಲಿ ಇದ್ದದ್ದೇ ಗೋಸುಂಬೆಗೆ ದಕ್ಕುವುದು. ಮ್ಯಾಂಗೊ ಎರಡು ವರ್ಷ ತಿಂದದ್ದು ಖಾಲಿ ಡಬ್ಬಿಗಳಂಥ ಹುಳುಗಳನ್ನು. ವಿಟಮಿನ್ ಎ ಕೊರತೆಯಿಂದ ಕಣ್ಣು ಊದಿತ್ತು. ಗೇಣುದ್ದ ಚಿಮ್ಮಬೇಕಾದ ನಾಲಿಗೆ ಎರಡು ಇಂಚು ಬಂದು ಸೋತು ಬೀಳುತ್ತಿತ್ತು. ನನಗೆ ಸಿಟ್ಟು ಬಂತು. ಅಮೆರಿಕದವರು ಮಾಡುವ ನೂರು ತಪ್ಪು ನೋಡಿದ್ದೆ. ಪಾಪಕ್ಕೆ ಹೆದರಿ ಪ್ರಾಣಿಯನ್ನು ಉಪವಾಸ ಕೆಡಹುವ ಈ ತಪ್ಪು ಮಾತ್ರ ನಮ್ಮವರೇ ಮಾಡಬೇಕು.

ಮ್ಯಾಂಗೊವನ್ನು ಕ್ಲಿನಿಕ್ಕಿನಲ್ಲೇ ಇಟ್ಟುಕೊಂಡೆ. ಮೊದಲ ನಾಲ್ಕು ದಿನ ಸಿರಿಂಜಿನಿಂದ ತೆಳ್ಳನೆಯ ಆಹಾರ, ಅಳೆದು ತೂಗಿ ವಿಟಮಿನ್. ಐದನೆಯ ದಿನ ಒಂದು ಕಣ್ಣು ತೆರೆಯಿತು. ಹೊಟ್ಟೆ ತುಂಬಿದ ಕ್ರಿಕೆಟ್ ಹುಳುಗಳನ್ನೇ ಮುಂದಿಟ್ಟೆ. ಆ ಒಂದು ಕಣ್ಣನ್ನೂ ಆಚೆ ತಿರುಗಿಸಿತು. ವರ್ಷಗಟ್ಟಲೆ ಒಂದೇ ಉಪ್ಪಿಟ್ಟು ಹಾಕಿದರೆ ಯಾರಿಗಾದರೂ ಹೀಗೇ ಆಗುತ್ತದೆ. ನನ್ನ ಗ್ಯಾರೇಜಿನ ಜಿರಲೆ ತಂದು ಬಿಟ್ಟೆ. ಈ ಸಲ ಕಣ್ಣು ಅದರ ಹಿಂದೆ ಹಿಂದೆ ತಿರುಗಿತು, ಬಾಯಿ ತೆರೆಯಿತು, ನಾಲಿಗೆ ಮುಟ್ಟಲಿಲ್ಲ. ಜಿರಲೆ ಓಡಿಹೋಯಿತು. ಮ್ಯಾಂಗೊಗೆ ಬೇಕಾಗಿದ್ದದ್ದು ಮೆತ್ತಗಿರುವ, ನಿಧಾನಕ್ಕೆ ಹರಿಯುವ, ನೀರಿನ ಅಂಶವಿರುವ ಹುಳು. ಅಂಥದ್ದು ಒಂದಿದೆ. ಫೋನ್ ಮಾಡಿ ತರಿಸಿದೆ.

ಎಂಟನೆಯ ದಿನ ಮೂವರನ್ನೂ ಕರೆಸಿದೆ. ಮುಂದಿನ ಊಟದ ಪಟ್ಟಿ ಕೊಟ್ಟೆ: ಕ್ರಿಕೆಟ್ಟು, ಜಿರಲೆ, ಸೋಲ್ಜರ್ ಫ್ಲೈ ಎಂಬ ನೊಣದ ಮರಿಹುಳು, ವಾರಕ್ಕೊಮ್ಮೆ ಹಸಿರು ಹಾರ್ನ್‌ವರ್ಮ್ ಎಂಬ ದಪ್ಪ ಎಲೆಹುಳು, ಮತ್ತು ಈ ಹೊಸ ಹುಳು. ಎಲ್ಲಕ್ಕೂ ದಿನಾ ತಾಜಾ ಮೇವು. ಮಗು ಶಾಲೆಗೆ, ತಾಯಿ ಆಫೀಸಿಗೆ, ರಶ್ಮಿಯ ಗಂಡ ಕೆಲಸದ ಮೇಲೆ ಊರೂರು. ಹಗಲಲ್ಲಿ ಮನೆಯಲ್ಲಿರುವವರು ಪುಟ್ಟತಾಯಮ್ಮ ಒಬ್ಬರೇ. “ನೀವು ಮಾಡಿದರೆ ಇವನು ಬದುಕ್ತಾನೆ ಅಮ್ಮ. ಇಲ್ಲದಿದ್ದರೆ ನಾನು ಮನೆಗೆ ಕಳಿಸೋದಿಲ್ಲ” ಎಂದೆ. ರಶ್ಮಿ “ಅವರನ್ನ ಫೋರ್ಸ್ ಮಾಡ್ಬೇಡಿ ಪ್ಲೀಸ್” ಎಂದಳು. ಮಾಡುತ್ತೇನೆ ಎಂದೆ.

ಆಕೆ ಒಪ್ಪದಿದ್ದರೆ ಹೇಳಲು ನನ್ನಲ್ಲಿ ಒಂದು ಮಾತು ಸಿದ್ಧವಿತ್ತು. ಡಬ್ಬಿಯ ಮುಚ್ಚಳ ತೆಗೆದು, ಇದು ರೇಷ್ಮೆ ಹುಳು, ನಿಮ್ಮ ಬೀರುವಿನ ಸೀರೆಗಳಿಗೆ ಎಷ್ಟು ಸಾವಿರ ಸತ್ತಿವೆ ಎಂದು ಕೇಳಬೇಕೆಂದಿದ್ದೆ. ಮುಚ್ಚಳ ತೆಗೆದೆ. ಪುಟ್ಟತಾಯಮ್ಮ ಬಗ್ಗಿದರು. ಕನ್ನಡಕ ಹಾಕಿಕೊಳ್ಳಲಿಲ್ಲ.

“ಮೂರನೇ ಜ್ವರ ಎದ್ದವೆ” ಎಂದರು. ಹುಳು ಮೇವು ಬಿಟ್ಟು ಮಂಕಾಗಿ ಕೂತು ಪೊರೆ ಕಳಚುವುದನ್ನು ಸಾಕುವವರು ಜ್ವರ ಎನ್ನುತ್ತಾರೆ. ಅಷ್ಟು ನಿಖರವಾಗಿ ನನಗೇ ಗೊತ್ತಿರಲಿಲ್ಲ.

“ನಮ್ಮಪ್ಪನ ಮನೇಲಿ ಇದೇ ಕಸುಬು. ಒಂಬತ್ತು ವರ್ಸಕ್ಕೇ ಸೊಪ್ಪು ಕೊಚ್ಚಿ ಹಾಕ್ತಿದ್ದೆ. ಮೇಯೋ ಸದ್ದು ಮಳೆ ಹುಯ್ದಂಗೆ ಕೇಳೋದು. ಒಂದ್ಸಲ ಗಾಡೀಲಿ ಅಪ್ಪನ ಜೊತೆ ಗೂಡು ಮಾರಕ್ಕೆ ಹೋಗಿ, ಕುದಿಯೋ ನೀರಿಗೆ ಸುರಿಯೋದ ನೋಡ್ಬುಟ್ಟೆ. ನಾನು ಸಾಕಿದ್ವು. ಅವತ್ತಿಂದ ರೇಷ್ಮೆ ಉಟ್ಟಿಲ್ಲ ಕಣವ್ವ. ಮದ್ವೇಲೂ ಉಡ್ನಿಲ್ಲ.”

ನಾನು ಸಿದ್ಧಮಾಡಿಟ್ಟುಕೊಂಡಿದ್ದ ಮಾತನ್ನು ಕೈಬಿಟ್ಟೆ. ಆಕೆ ಉಟ್ಟಿದ್ದು ಹತ್ತಿಯ ಸೀರೆ ಎಂಬುದನ್ನು ಆಗ ನೋಡಿದೆ. ನಾಚಿಕೆಯಾಯಿತು. ಆದರೆ ಡಬ್ಬಿ ಮುಚ್ಚಲಿಲ್ಲ. ತಕ್ಕಡಿಯ ಮೇಲೆ ಮ್ಯಾಂಗೊ ಇತ್ತು, ಈಗ ಎರಡೂ ಕಣ್ಣು ತೆರೆದು, 94 ಗ್ರಾಂ.

“ನಿಮ್ಮ ಸಂಕಟ ದೊಡ್ಡದು ಅಮ್ಮ. ಆದರೆ ನಿಮ್ಮ ಗ್ಯಾರೇಜಿನ ಹುಳುಗಳಿಗೆ ಸಾವು ತಪ್ಪಿಲ್ಲ. ಹಸಿದು ಸಾಯ್ತಿವೆ, ಅಷ್ಟೇ. ಅವನ್ನ ತಿಂದು ಇವನೂ ಹಸಿದು ಸಾಯ್ತಿದ್ದಾನೆ.”

ರಶ್ಮಿ ನನ್ನ ಮೇಲೆ ಕೆಂಡ ಕಾರುವಂತೆ ನೋಡಿದಳು. ಪುಟ್ಟತಾಯಮ್ಮ ಡಬ್ಬಿಯನ್ನು ತಮ್ಮತ್ತ ಎಳೆದುಕೊಂಡರು. ಒಂದು ಹುಳುವನ್ನು, ಹಿಸುಕಿ ಹೋಗದಂತೆ, ಎಲೆಯ ಸಮೇತ ಎತ್ತಿ ಮ್ಯಾಂಗೊವಿನ ಮುಂದೆ ಹಿಡಿದರು. ಎರಡು ಇಂಚು ದೂರ. ಆ ದೂರ ಎಷ್ಟಿರಬೇಕೆಂದು ನಾನು ಹೇಳಿರಲಿಲ್ಲ. ಮ್ಯಾಂಗೊ ಎರಡೂ ಕಣ್ಣುಗಳನ್ನು ಮುಂದಕ್ಕೆ ತಿರುಗಿಸಿತು. ನಾಲಿಗೆ ನಿಧಾನವಾಗಿ ಬಂತು, ಅಂಟಿತು, ಒಳಗೆ ಹೋಯಿತು. ಅನಿಕಾ ಅಳುತ್ತಿದ್ದಳು. ಅಜ್ಜಿಯ ಕಣ್ಣೂ ತುಂಬಿತ್ತು. ಇಬ್ಬರದೂ ಒಂದೇ ಕಾರಣಕ್ಕಲ್ಲ.

ಐದು ತಿಂಗಳ ಮೇಲೆ ತೂಕ 152 ಗ್ರಾಂ. ಹಿರಿಯ ಡಾಕ್ಟರು ಅದೃಷ್ಟ ಎಂದರು. ಅದೃಷ್ಟವಲ್ಲ, ಕೊಳ್ಳೇಗಾಲ ಎಂದೆ. ಅವರಿಗೆ ಅರ್ಥವಾಗಲಿಲ್ಲ, ನಾನು ವಿವರಿಸಲೂ ಇಲ್ಲ. ಮೂವತ್ತೊಂದು ವರ್ಷದ ವೃತ್ತಿ ನನಗೆ ಕಲಿಸಿದ್ದು ಇದು: ಕೈ ಕೊಳೆಯಾಗಬಾರದೆಂದು ದೂರ ನಿಲ್ಲುವುದನ್ನು ನಾನು ದಯೆ ಎಂದು ಒಪ್ಪುವುದಿಲ್ಲ, ಅದು ನನ್ನ ಹಿರಿಯ ಡಾಕ್ಟರದ್ದಾಗಲಿ, ನಮ್ಮ ಮಡಿಯ ಅಡುಗೆಮನೆಗಳದ್ದಾಗಲಿ. ಒಂದು ಜೀವವನ್ನು ಮನೆಗೆ ತಂದ ಮೇಲೆ ಅದು ತಿನ್ನುವ ಜೀವಗಳೂ ಮನೆಯವೇ.

ನಿವೃತ್ತಿಯಾದ ಮೇಲೆ ಒಮ್ಮೆ ಅವರ ಮನೆಗೆ ಹೋಗಿದ್ದೆ. ಬೆಳಗಿನ ಹೊತ್ತು. ಪುಟ್ಟತಾಯಮ್ಮ ಗ್ಯಾರೇಜಿನಲ್ಲಿ ಸ್ಟೂಲು ಹಾಕಿಕೊಂಡು ಪಕ್ಕದ ಮನೆಯವರ ಹಿಪ್ಪುನೇರಳೆ ಮರದ ಸೊಪ್ಪು ಕೊಚ್ಚುತ್ತಿದ್ದರು. ಐದು ಡಬ್ಬಿಗಳು, ಐದಕ್ಕೂ ಬೇರೆ ಬೇರೆ ಮೇವು. ಜಿರಲೆಗಳಿಗೆ ಕಿತ್ತಳೆ ತೊಳೆ ಕೂಡ. ತಿಂಡಿಗೆ ಕರೆಯಲು ಬಂದ ರಶ್ಮಿ, ಮೊದಲು ನೀವು ತಿನ್ನಿ ಅತ್ತೆ ಎಂದಳು. ಆಕೆ ಚಾಕು ನಿಲ್ಲಿಸಲಿಲ್ಲ.

“ಇರು. ಇವತ್ತು ಹೋಗೋವು ಇವು. ಹಸಕೊಂಡು ಯಾರನ್ನೂ ಕಳಿಸಿದ ಮನೆಯಲ್ಲ ನಮ್ದು.”