ಬಂದವರನ್ನು ಬರಿಬಾಯಿಯಲ್ಲಿ ಕಳಿಸುವುದು ಹೇಗೆ

ನನ್ನ ಗಂಡನ ಕಂಪೆನಿ ಮುಚ್ಚಿದ ಮೇಲೆ ನಾವು ಒಮಾನಿನ ಸೊಹಾರ್‌ನಲ್ಲಿ ಅತ್ತ ದಡವೂ ಅಲ್ಲ, ಇತ್ತ ದಡವೂ ಅಲ್ಲ ಎಂಬಂತಾದೆವು. ಬಂದರಿನ ಹತ್ತಿರ ಇನ್ನೊಂದು ಕಾರ್ಖಾನೆಯವರು ಕೆಲಸ ಕೊಡುತ್ತೇವೆ ಎಂದಿದ್ದರು. ಆದರೆ ಹಳೆಯ ಕಫೀಲ್, ಅಂದರೆ ವೀಸಾ ಕೊಟ್ಟ ಮಾಲೀಕ, ಬಿಡುಗಡೆಯ ಕಾಗದಕ್ಕೆ ಸಹಿ ಹಾಕದೆ ಇವರು ಅಲ್ಲಿ ಕಾಲಿಡುವಂತಿರಲಿಲ್ಲ. ಇವತ್ತು, ನಾಳೆ ಎನ್ನುತ್ತ ಇಡೀ ಚಳಿಗಾಲ ಕಳೆಯಿತು. ಅಡುಗೆಮನೆಯ ಡಬ್ಬಗಳು ಒಂದೊಂದಾಗಿ ತಳ ತೋರಿಸಿದವು. ಮಂಗಳೂರಿನಿಂದ ಅಕ್ಕ ಫೋನ್ ಮಾಡಿದಾಗ ಮಾತ್ರ ನಾನು ಮೀನಿನ ರೇಟಿನ ಬಗ್ಗೆ ದೊಡ್ಡದಾಗಿ ಮಾತಾಡುತ್ತಿದ್ದೆ, ದಿನಾ ಕೊಳ್ಳುವವಳ ಹಾಗೆ.

ನಮ್ಮ ವಿಲಾಯತ್‌ನಲ್ಲಿ, ಅಂದರೆ ಇಲ್ಲಿಯ ತಾಲೂಕಿನಲ್ಲಿ, ಸರ್ಕಾರದ ಒಂದು ಸಹಾಯ ಕಚೇರಿಯಿದೆ. ಕಷ್ಟದಲ್ಲಿರುವ ಮನೆಗಳಿಗೆ ಕೆಲವು ತಿಂಗಳ ದಿನಸಿ ಕೊಡುತ್ತಾರೆ. ಹೆಚ್ಚಾಗಿ ಇಲ್ಲಿಯವರಿಗೇ, ಆದರೆ ವೀಸಾಗಳ ನಡುವೆ ಸಿಕ್ಕಿಕೊಂಡ ನಮ್ಮಂಥವರನ್ನೂ ಕೆಲವೊಮ್ಮೆ ಪರಿಗಣಿಸುತ್ತಾರಂತೆ. ನನ್ನ ಗಂಡ ನನಗೆ ಹೇಳದೆಯೇ ಅರ್ಜಿ ಹಾಕಿ ಬಂದರು. ಗೊತ್ತಾದಾಗ ನಾನು ಅವರೊಡನೆ ಮಾತು ಬಿಟ್ಟೆ. ಆಮೇಲೆ ಅಕ್ಕಿ ಡಬ್ಬಕ್ಕೆ ಕೈ ಹಾಕಿದಾಗ ನಾನಾಗಿಯೇ ಮಾತಾಡಿಸಿದೆ.

ಕಚೇರಿಯಿಂದ ಒಬ್ಬ ಹೆಂಗಸು ಫೋನ್ ಮಾಡಿದಳು. ಒಮಾನಿ ಹೆಂಗಸು, ಆದರೆ ನನಗಿಂತ ಚೆನ್ನಾಗಿ ಹಿಂದಿ ಮಾತಾಡುತ್ತಿದ್ದಳು. ಮಂಗಳವಾರ ಬೆಳಿಗ್ಗೆ ಮನೆಗೆ ಬಂದು ಇಂಟರ್‌ವ್ಯೂ ಮಾಡುತ್ತೇನೆ, ಅಡುಗೆಮನೆ ನೋಡುತ್ತೇನೆ, ನಿಮ್ಮ ಮನೆ ಅರ್ಹ ಎನಿಸಿದರೆ ಆ ವಾರವೇ ದಿನಸಿ ಬರುತ್ತದೆ ಎಂದಳು. ನಾನು ಶುಕ್ರನ್, ಶುಕ್ರನ್ ಎಂದು ಉಪಕಾರ ಹೇಳಿ ಫೋನ್ ಇಟ್ಟೆ. ಇಟ್ಟ ಮೇಲೆ ತಲೆಗೆ ಹೊಳೆಯಿತು, ಇದು ರಂಜಾನ್ ತಿಂಗಳು.

ರಂಜಾನ್‌ನಲ್ಲಿ ಬೆಳಿಗ್ಗೆ ಬರುವವಳಿಗೆ ಒಂದು ಲೋಟ ನೀರೂ ಕೊಡುವಂತಿಲ್ಲ. ಹೊರಗಿನ ಹೆಂಗಸೊಬ್ಬಳು ಮೊದಲ ಸಲ ನನ್ನ ಮನೆಗೆ ಬಂದು, ಕೂತು, ನಮ್ಮ ಕಷ್ಟ ಕೇಳಿ, ಬರಿಬಾಯಿಯಲ್ಲಿ ಎದ್ದು ಹೋಗುವುದೇ? ನಮ್ಮಮ್ಮ ಕರೆಂಟ್ ಬಿಲ್ ತಂದವನನ್ನೂ ಬೆಲ್ಲ ನೀರು ಕೊಡದೆ ಕಳಿಸಿದವಳಲ್ಲ. ಯೋಚಿಸಿದಷ್ಟೂ ನನಗೆ ಮೈಯೆಲ್ಲ ಉರಿಯತೊಡಗಿತು. ಗಂಡ ಹೊರಗೆ ಹೋದ ಹೊತ್ತು ನೋಡಿ ಆ ನಂಬರಿಗೆ ಫೋನ್ ಮಾಡಿ, ಇಂಟರ್‌ವ್ಯೂ ಬೇರೆ ದಿನಕ್ಕೆ ಹಾಕಬಹುದೇ, ಸೂರ್ಯ ಮುಳುಗಿದ ಮೇಲೆ ಬರಬಹುದೇ ಎಂದು ಕೇಳಿದೆ.

ಯಾಕೆ ಎಂದಳು. ಯಾಕೆ ಎಂದು ಕೇಳುತ್ತಾರೆ ಎಂಬ ಯೋಚನೆಯೇ ನನಗಿರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ, ಮನೆಯಲ್ಲಿ ಪೈಂಟಿಂಗ್ ನಡೆಯುತ್ತಿದೆ ಅಂತ.

ಪೈಂಟಿಂಗ್ ಎಂದು ಅವಳು ಮೆಲ್ಲಗೆ ಹೇಳಿಕೊಂಡು ಬರೆದುಕೊಂಡದ್ದು ಕೇಳಿಸಿತು. ಸಂಜೆಯ ಹೊತ್ತು ಬೇಕೆಂದರೆ ಮುಂದಿನ ವಾರದ ಗುರುವಾರವೇ ಇರುವುದು, ಅಷ್ಟು ದಿನ ಸುಧಾರಿಸಬಲ್ಲಿರಾ ಎಂದು ಕೇಳಿದಳು. ಧಾರಾಳವಾಗಿ ಎಂದೆ.

ನನ್ನ ಗಂಡ ಸಾಮಾನ್ಯವಾಗಿ ಸಿಟ್ಟು ಮಾಡುವವರಲ್ಲ. ಅವತ್ತು ನಾನು ಫೋನ್ ಮಾಡಿದ್ದನ್ನು ಹೇಳಿದಾಗ ಚಪ್ಪಲಿ ಬಿಚ್ಚಲಿಕ್ಕೂ ಮರೆತು ಹಜಾರದ ನಡುವೆ ನಿಂತುಬಿಟ್ಟರು.

"ನಿನಗೆ ಮಂಡೆ ಸಮ ಉಂಟಾ? ಅಕ್ಕಿ ಕೊಡಿ ಅಂತ ಕೇಳಿದವರು ಗೋಡೆಗೆ ಬಣ್ಣ ಹೊಡೀತಾ ಇದ್ದೇವೆ ಅಂತ ಹೇಳುದಾ? ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಅಂತ ಹೇಳುದು ಇದಕ್ಕೇ."

ನನ್ನ ಜುಟ್ಟಿನ ವಿಷಯ ಎತ್ತಬೇಡಿ ಎಂದು ನಾನೂ ಹೇಳಿದೆ. ಬಂದವರಿಗೆ ಏನೂ ಕೊಡದೆ ಕಳಿಸುವ ಮನೆ ನಿಮ್ಮದಿರಬಹುದು, ನನ್ನದಲ್ಲ ಎಂದೂ ಸೇರಿಸಿದೆ. ಮನೆ ಎರಡೂ ಒಂದೇ ಎಂಬುದು ಸಿಟ್ಟಿನಲ್ಲಿ ನೆನಪಾಗಲಿಲ್ಲ.

ಜಗಳವೇನೋ ಗೆದ್ದೆ. ಆದರೆ ಸೂರ್ಯ ಮುಳುಗಿದ ಮೇಲೆ ಬರುವವಳಿಗೆ ಬಡಿಸಲು ಏನಿದೆ ಎಂಬ ಪ್ರಶ್ನೆ ಉಳಿಯಿತು. ನಾನು ಪಕ್ಕದ ಮನೆಗೆ ಹೋದೆ. ಮೈಸೂರು ಕಡೆಯವಳು, ಒಳ್ಳೆಯ ಹೆಂಗಸು, ಗಂಡ ಇಂಜಿನಿಯರ್. ಒಬ್ಬರು ಒಮಾನಿ ಹೆಂಗಸು ನಮ್ಮಲ್ಲಿಗೆ ಊಟಕ್ಕೆ ಬರುತ್ತಾರೆ, ನನ್ನೊಬ್ಬಳ ಕೈಲಿ ಆಗುವುದಿಲ್ಲ ಎಂದೆ. ಯಾರು, ಯಾಕೆ ಎಂದು ಹೇಳಲಿಲ್ಲ. "ಅಯ್ಯೋ ಅದಕ್ಯಾಕ್ರೀ ಇಷ್ಟು ಸಂಕೋಚ" ಎಂದು ಅವಳು ಸೆರಗು ಸಿಕ್ಕಿಸಿಯೇಬಿಟ್ಟಳು. ಗುರುವಾರ ಸಂಜೆಗೆ ನನ್ನ ಮನೆಗೆ ಬಿಸಿಬೇಳೆಬಾತ್ ಬಂತು, ವಡೆ ಬಂತು, ಕೇಸರಿಬಾತ್ ಬಂತು, ಹಣ್ಣಿನ ತಟ್ಟೆ ಬಂತು. ಮೊಸರು, ಬೆಣ್ಣೆ, ಜ್ಯೂಸ್ ಎಲ್ಲ ತಣ್ಣಗಿರಲಿ ಎಂದು ಅವಳೇ ನನ್ನ ಫ್ರಿಜ್ಜಿನಲ್ಲಿ ಜೋಡಿಸಿಟ್ಟು ಹೋದಳು. ಫ್ರಿಜ್ ಯಾಕೆ ಇಷ್ಟು ಖಾಲಿ ಎಂದು ಕೇಳಿದಳು. ತೊಳೆದದ್ದು ಎಂದೆ.

ನಮ್ಮ ಮಕ್ಕಳಿಬ್ಬರನ್ನೂ ಊಟ ಮಾಡಿಸಿ ಪಕ್ಕದ ಮನೆಯಲ್ಲೇ ಓದಲು ಕೂರಿಸಿದೆ. ಸೂರ್ಯ ಮುಳುಗಿ ಮಗ್ರಿಬ್‌ನ ಬಾಂಗ್ ಆಗಿ ಸ್ವಲ್ಪ ಹೊತ್ತಿಗೆ ಆ ಅಧಿಕಾರಿ ಹೆಂಗಸು ಟ್ಯಾಬ್ ಹಿಡಿದುಕೊಂಡು ಬಂದಳು. ಕಾರಿನಲ್ಲೇ ಖರ್ಜೂರ ತಿಂದು ನೀರು ಕುಡಿದಿದ್ದಳಂತೆ, ಬೇರೇನೂ ಬೇಡ ಎಂದಳು. ನಾನು ಬಿಡಲಿಲ್ಲ. ಬೇಡ ಎಂದರೆ ನಿಲ್ಲಿಸುವುದು ಅವರ ಊರಿನಲ್ಲೂ ಇಲ್ಲ, ನಮ್ಮ ಊರಿನಲ್ಲೂ ಇಲ್ಲ. ಪಾಪ, ದಿನವಿಡೀ ಹಸಿದಿದ್ದವಳು, ವಡೆ ನೋಡಿ ಸೋತಳು. ಅವಳು ಚಪ್ಪರಿಸಿ ತಿನ್ನುವುದನ್ನು ನೋಡುತ್ತ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಮೂಲೆಯಲ್ಲಿ ನನ್ನ ಗಂಡ ನಮ್ಮ ಅರ್ಜಿಯ ತಿಥಿ ಮಾಡುವವರ ಹಾಗೆ ಕೂತಿದ್ದರು.

ಕೈ ತೊಳೆದು ಬಂದು ಅವಳು ಕೆಲಸ ಶುರು ಮಾಡಿದಳು. ಮೊದಲು ಗೋಡೆಗಳನ್ನು ನೋಡಿದಳು. ಒಂದು ಮೂಲೆಯಲ್ಲಿ ಹಳೆಯ ಬಣ್ಣ ಹಪ್ಪಳದಂತೆ ಎದ್ದಿತ್ತು. ಫ್ರಿಜ್ ತೆರೆದಳು. ಬೆಣ್ಣೆ, ಮೊಸರು, ಜ್ಯೂಸ್. ಮುಚ್ಚಿದಳು. ನಿನ್ನೆ ಮನೆಯಲ್ಲಿ ಏನು ಊಟ ಎಂದು ಕೇಳಿದಳು.

ನಾನು ಮೀನು ಎನ್ನಬೇಕೆಂದಿದ್ದೆ. ನನ್ನ ಗಂಡ ಮೊದಲೇ ಗಂಜಿ ಎಂದುಬಿಟ್ಟರು. ಗಂಜಿ ಎಂದರೇನು ಎಂದು ಅವಳು ಕೇಳಿದಳು. ಅನ್ನ ಮತ್ತು ನೀರು ಎಂದರು.

ಅದು ನನಗೆ ಸಹಿಸಲಾಗಲಿಲ್ಲ. ಬರೀ ಅನ್ನ, ನೀರು ಅಲ್ಲ ಎಂದು ಶುರು ಮಾಡಿದೆ. ಕುಚಲಕ್ಕಿ ಹದವಾಗಿ ಬೇಯಬೇಕು, ತಿಳಿ ತೆಗೆಯಬಾರದು, ಒಣಮೀನಿನ ಚಟ್ನಿಯಿದ್ದರೆ ಅದರ ಮುಂದೆ ಬಿರಿಯಾನಿ ಏನೂ ಅಲ್ಲ, ನಮ್ಮೂರಲ್ಲಿ ಬಂಗಲೆ ಕಟ್ಟಿದವರೂ ದಿನಾ ಗಂಜಿ ಉಣ್ಣುತ್ತಾರೆ, ಅದು ಬಡತನದ ಊಟವೇ ಅಲ್ಲ ಎಂದು ವಾದಿಸಿದೆ. ದಿನಸಿ ಬೇಕಾಗಿಲ್ಲ ಎಂದು ನಾನೇ ರುಜುವಾತು ಮಾಡುತ್ತಿದ್ದೇನೆ ಎಂಬುದು ಗಂಡನ ಮುಖ ನೋಡಿದಾಗಲೇ ತಿಳಿದದ್ದು.

ಅವಳು ತಾಳ್ಮೆಯಿಂದ ಎಲ್ಲ ಕೇಳಿ, ನಿನ್ನೆ ಅದರ ಜೊತೆಗೆ ಏನಿತ್ತು ಎಂದಳು.

ಉಪ್ಪು ಎಂದೆ.

ಅವಳು ಟ್ಯಾಬ್ ಮೇಲಿಂದ ತಲೆಯೆತ್ತಿದಳು. ಹಾಗಾದರೆ ಫ್ರಿಜ್ಜಿನಲ್ಲಿರುವುದು? ಇನ್ನು ಮುಚ್ಚಿಡಲು ನನಗೆ ಆಗಲಿಲ್ಲ. ಎಲ್ಲ ಪಕ್ಕದ ಮನೆಯದು, ನಿಮಗೋಸ್ಕರ ಬಂದದ್ದು, ಪೈಂಟಿಂಗ್ ಸುಳ್ಳು, ಹಗಲು ಬಂದರೆ ನಿಮಗೆ ಏನೂ ಕೊಡಲು ಆಗುವುದಿಲ್ಲವಲ್ಲ ಎಂದು ಮುಂದೂಡಿಸಿದ್ದು ಎಂದೆ. ಅತಿಥಿಗೆಂದು ಕೇಳಲು ನನಗೆ ನಾಚಿಕೆಯಾಗಲಿಲ್ಲ, ನನ್ನ ಮಕ್ಕಳಿಗೆಂದು ಕೇಳಲು ಬಾಯಿ ಬರಲಿಲ್ಲ ಎಂದೂ ಹೇಳಿದೆ.

ಅವಳು ನಗಲೂ ಇಲ್ಲ, ಬೈಯಲೂ ಇಲ್ಲ. ಮಕ್ಕಳು ಗಂಜಿ ತಿಂದರು, ನಿಮ್ಮ ಗಂಡ ತಿಂದರು, ನೀವು ಏನು ತಿಂದಿರಿ ಎಂದು ಕೇಳಿದಳು.

ನನಗೆ ಉಪವಾಸ ಎಂದೆ. ಅದು ಪೂರ್ತಿ ಸುಳ್ಳಲ್ಲ. ಆ ವರ್ಷ ಈಸ್ಟರ್ ಹಬ್ಬಕ್ಕೆ ಮುಂಚಿನ ನಮ್ಮ ಕ್ರೈಸ್ತರ ತಪಸ್ಸುಕಾಲವೂ ರಂಜಾನ್ ತಿಂಗಳಲ್ಲೇ ಬಂದಿತ್ತು. ಮಾಂಸ ಬಿಡಬೇಕು, ಕೆಲವು ದಿನ ಒಂದು ಹೊತ್ತು ಬಿಡಬೇಕು, ಅಷ್ಟೇ. ನಾನು ಅದನ್ನು ಎಲ್ಲ ದಿನಕ್ಕೂ, ಎರಡು ಹೊತ್ತಿಗೂ ಎಳೆದಿದ್ದೆ. ದೇವರ ಹೆಸರಿನಲ್ಲಿ ತಟ್ಟೆ ಇಟ್ಟುಕೊಳ್ಳದಿದ್ದರೆ ಮನೆಯಲ್ಲಿ ಯಾರೂ ಯಾಕೆಂದು ಕೇಳುವುದಿಲ್ಲ.

"ಉಪವಾಸ ನಾನೂ ಮಾಡ್ತೇನೆ" ಎಂದಳು ಅವಳು. "ಸೂರ್ಯ ಮುಳುಗಿದ ಮೇಲೆ ಮುರೀತೇನೆ. ನೀವು ಮುರಿಯೋದು ಯಾವಾಗ?"

ನನ್ನ ಗಂಡ ನನ್ನನ್ನೇ ನೋಡುತ್ತಿದ್ದರು. ನಾನು ಉಣ್ಣದೆ ಇದ್ದದ್ದು ಅವರಿಗೂ ಗೊತ್ತಾದದ್ದು ಆ ಕ್ಷಣದಲ್ಲೇ.

ಅವಳು ಟ್ಯಾಬ್ ಪಕ್ಕಕ್ಕಿಟ್ಟು, ನನ್ನದೇ ಅಡುಗೆಮನೆಗೆ ಹೋಗಿ ಒಂದು ತಟ್ಟೆ ತಂದು, ಬಿಸಿಬೇಳೆಬಾತ್ ಬಡಿಸಿ ನನ್ನ ಮುಂದಿಟ್ಟಳು. ಆಮೇಲೆ ತಿನ್ನುತ್ತೇನೆ ಎಂದೆ. ನಾನು ಅವಳನ್ನು ಬಿಡದ ಹಾಗೆಯೇ ಅವಳೂ ನನ್ನನ್ನು ಬಿಡಲಿಲ್ಲ. ನಾಲ್ಕು ತುತ್ತಿಗೆ ಕಣ್ಣಲ್ಲಿ ನೀರು ಬಂತು. ಈ ಮೈಸೂರಿನವರ ಕೈ ಖಾರ ಎಂದೆ. ಹೌದು, ಬಹಳ ಖಾರ ಎಂದಳು ಅವಳೂ.

ತಟ್ಟೆ ಖಾಲಿಯಾದ ಮೇಲೆಯೇ ಟ್ಯಾಬ್ ಎತ್ತಿಕೊಂಡಳು. ದಿನಸಿ ಎಷ್ಟು ಕಳಿಸಬೇಕೆಂದು ಬರೆಯಬೇಕು, ಈ ಮನೆಯಲ್ಲಿ ಊಟ ಮಾಡುವವರು ಎಷ್ಟು ಜನ ಎಂದು ಕೇಳಿದಳು. ಅಭ್ಯಾಸಬಲದಿಂದ ನಾನು ಮೂವರು ಎಂದೆ. ನನ್ನ ಗಂಡ ಎದ್ದು ಬಂದು ನನ್ನ ಪಕ್ಕ ಕೂತು, ನಾಲ್ವರು ಎಂದು ಬರೆಯಿರಿ ಎಂದರು.