ಕುಲುಮೆ ಹೊತ್ತಿದ ಮೇಲೂ ಒಳಗಿದ್ದವರು

ಮೊದಲನೆಯ ಅನ್ಯಾಯವನ್ನು ಮೊದಲು ಹೇಳಿಬಿಡುತ್ತೇನೆ. ಹೊಸಪೇಟೆಯ ಚಿತ್ತವಾಡ್ಗಿಯಲ್ಲಿದ್ದ ಆ ಎರಕದ ಶೆಡ್ಡಿನಲ್ಲಿ ಮರಳನ್ನು ಜರಡಿ ಹಿಡಿಯುವುದು ಹೆಂಗಸರ ಕೆಲಸವಾಗಿತ್ತು. ಅದಕ್ಕೆ ಜೇಡಿಮಣ್ಣಿನ ಪುಡಿ ಬೆರೆಸಿ, ನೀರು ಚಿಮುಕಿಸಿ, ತುಳಿದು ಹದಕ್ಕೆ ತರುವವರೂ ಅವರೇ. ಆದರೆ ಕುಲುಮೆಗೆ ಬೆಂಕಿ ಹಚ್ಚುವ ಹೊತ್ತಿಗೆ ಅವರೆಲ್ಲರೂ ಹೊರಗೆ ಹೋಗಬೇಕಿತ್ತು. ಕರಗಿದ ಕಬ್ಬಿಣದ ಮೇಲೆ ಹೆಣ್ಣಿನ ನೆರಳು ಬಿದ್ದರೆ ಎರಕ ಕೆಡುತ್ತದೆಂಬುದು ಅಲ್ಲಿನ ನಂಬಿಕೆ. ಬೇವಿನ ಮರದ ಕೆಳಗೆ ಕುಳಿತು ಕಾಯುವ ಆ ಹೊತ್ತಿಗೆ ಕೂಲಿಯೂ ಇರಲಿಲ್ಲ. ಇದು ಎರಡನೆಯ ಅನ್ಯಾಯ.

ನಾನಾಗ ಹೊಸಪೇಟೆಯಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಓದುತ್ತಿದ್ದೆ. ತರಗತಿಯಲ್ಲಿ ಇದ್ದ ಹುಡುಗಿ ನಾನೊಬ್ಬಳೇ. ಸಂಡೂರಿನ ಗುಡ್ಡಗಳನ್ನು ಹಗಲೂ ರಾತ್ರಿ ಲಾರಿಗಳು ಹೊತ್ತುಕೊಂಡು ಹೋಗುತ್ತಿದ್ದ ವರ್ಷಗಳವು. ಮೆಟ್ರಿಯ ಗದ್ದೆಗಳಲ್ಲಿ ನಾಟಿ ಮಾಡುತ್ತಿದ್ದ ನನ್ನ ಅವ್ವ, ನಾಟಿಯಿಲ್ಲದ ತಿಂಗಳುಗಳಲ್ಲಿ ಆ ಗುಡ್ಡಕ್ಕೆ ಹೋಗಿ ಸುತ್ತಿಗೆಯಿಂದ ಅದಿರು ಒಡೆಯುತ್ತಿದ್ದಳು. ಕೈಗೆ ಗವಸಿಲ್ಲ, ಮೂಗಿಗೆ ಬಟ್ಟೆಯಿಲ್ಲ, ಹಾಜರಿ ಪುಸ್ತಕದಲ್ಲಿ ಹೆಸರೂ ಇಲ್ಲ.

ತಯಾರಿಕಾ ವಿಧಾನಗಳು ಮತ್ತು ಇಂಜಿನಿಯರಿಂಗ್ ವಸ್ತುಗಳು ಎಂಬ ಪಾಠ ನನಗೆ ಉಳಿದೆಲ್ಲ ಪಾಠಗಳಿಗಿಂತ ಹತ್ತಿರವಾದದ್ದು ಇದೇ ಕಾರಣಕ್ಕೆ. ಅದಿರು ಕರಗಿ ಬೀಡು ಕಬ್ಬಿಣವಾಗುತ್ತದೆ. ಬೀಡನ್ನು ಮತ್ತೆ ಕರಗಿಸಿ ಮರಳಿನ ಅಚ್ಚಿಗೆ ಹೊಯ್ದರೆ ಬೇಕಾದ ಆಕಾರಕ್ಕೆ ಬರುತ್ತದೆ. ಬೀಡು ಭಾರವನ್ನು ತಾಳುತ್ತದೆ, ಆದರೆ ಬಡಿದರೆ ಸೀಳುತ್ತದೆ. ಮೆದು ಉಕ್ಕು ಬಡಿತಕ್ಕೆ ಬಾಗುತ್ತದೆ. ಕಾಯಿಸಿ ಬಡಿಯುವುದು, ಕೊರೆಯುವುದು, ಬೆಸೆಯುವುದು ಎಲ್ಲವೂ ಆ ಪುಸ್ತಕದಲ್ಲಿದ್ದವು. ಅದಿರು ಒಡೆದವರು ಯಾರೆಂಬುದು ಮಾತ್ರ ಎಲ್ಲಿಯೂ ಇರಲಿಲ್ಲ.

ಪ್ರಾಯೋಗಿಕ ಪರೀಕ್ಷೆಗೆ ಪ್ರತಿಯೊಬ್ಬರೂ ತಾವೇ ಅಚ್ಚು ಕಟ್ಟಿ, ತಾವೇ ಹೊಯ್ದ ಎರಕದ ತುಂಡೊಂದನ್ನು ತರಬೇಕಿತ್ತು. ಕಾಲೇಜಿನ ಕುಲುಮೆ ಕೆಟ್ಟು ನಿಂತಿದ್ದರಿಂದ ನಮ್ಮನ್ನು ಚಿತ್ತವಾಡ್ಗಿಗೆ ಕರೆದೊಯ್ದರು. ಅಲ್ಲಿ ಗಣಿಗಳ ಬೆಲ್ಟುಗಳಿಗೆ ಬೇಕಾದ ದೊಡ್ಡ ಪುಲ್ಲಿಗಳನ್ನು, ಅಂದರೆ ರಾಟೆಗಾಲಿಗಳನ್ನು, ಎರಕ ಹೊಯ್ಯುತ್ತಿದ್ದರು. ಬೆಳಿಗ್ಗೆ ನಾನು ಅಂಗೈ ಅಗಲದ ಪುಲ್ಲಿಯೊಂದರ ಮರದ ಮಾದರಿಯನ್ನು ಪೆಟ್ಟಿಗೆಯಲ್ಲಿಟ್ಟು ಸುತ್ತಲೂ ಮರಳು ತುಂಬಿ ದಮ್ಮಸು ಮಾಡಿದೆ. ತಂತಿಯಿಂದ ಮರಳಿಗೆ ಸಣ್ಣ ಉಸಿರುಗಂಡಿಗಳನ್ನು ಚುಚ್ಚಿ, ಮಾದರಿಯನ್ನು ಹೊರತೆಗೆದೆ. ಬಿಸಿ ಲೋಹ ಬಿದ್ದೊಡನೆ ಮರಳಿನ ನೀರು ಆವಿಯಾಗುತ್ತದೆ. ಆವಿಗೆ ಹೊರದಾರಿ ಬೇಕು. ನನಗೆ ಮರಳು ತಂದುಕೊಟ್ಟವಳು ಅಲ್ಲಿನ ಹೆಂಗಸರಲ್ಲಿ ಹಿರಿಯಳು. ಆಕೆಯ ಕೂಲಿಯಿಂದಲೇ ಮನೆಯ ಒಲೆ ಉರಿಯುತ್ತಿತ್ತು.

ಕುಲುಮೆಗೆ ಕೋಕ್ ಇದ್ದಿಲು ತುಂಬಿದ ಮೇಸ್ತ್ರಿ, ಪೂಜೆಯ ಕಾಯಿ ಒಡೆದು ತಿರುಗಿ ನೋಡಿದ.

"ಹೆಣ್ಮಕ್ಳು ಹೊರಗ ನಡೀರಿ. ನೀನೂ ನಡಿ ತಂಗಿ."

"ನನ್ನ ಅಚ್ಚಿಗೆ ಇನ್ನೂ ಹೊಯ್ದಿಲ್ಲಲ್ರಿ ಮೇಸ್ತ್ರಿ."

"ನಿನ್ ಜೋಡಿ ಹುಡುಗ್ರು ಹೊಯ್ತಾರ. ಬಾಗ್ಲಾಗ ನಿಂತು ನೋಡು."

ನಮ್ಮ ಉಪನ್ಯಾಸಕರು ಹತ್ತಿರ ಬಂದು ದನಿ ತಗ್ಗಿಸಿದರು. "ಜಗಳ ಬ್ಯಾಡಮ್ಮ. ರೆಕಾರ್ಡಿನಾಗ ಚಿತ್ರ ನೀಟಾಗಿ ಬರಿ, ಮಾರ್ಕ್ಸ್ ಹಾಕ್ತೀನಿ."

"ಹುಡುಗ್ರಿಗೆ ಕಬ್ಬಿಣ, ನಂಗ ಚಿತ್ರ ಏನ್ರಿ ಸರ್?"

ನಾನು ಕದಲಲಿಲ್ಲ. ಅದಿರು ಒಡೆಯುವಾಗ ನನ್ನ ಅವ್ವನಿಗಿಲ್ಲದ ಮೈಲಿಗೆ, ಅದು ಕರಗುವಾಗ ನನಗೆ ಎಲ್ಲಿಂದ ಅಂಟಿಕೊಂಡಿತು? ಇದನ್ನು ಆ ದಿನ ಅವರೆದುರು ಹೀಗೆಯೇ ಕೇಳಿದೆ. ಮೇಸ್ತ್ರಿ ಗೊಣಗುತ್ತ ಕುಲುಮೆಗೆ ಬೆಂಕಿಯಿಟ್ಟ. ಬಾಗಿಲಾಚೆಯಿಂದ ಮರಳಿನ ಹಿರಿಯಾಕೆ ಕೂಗಿದಳು:

"ಒಳಗ ಕುಂದ್ರು ತಂಗಿ. ಹೆಣ್ಣಿನ ನೆರಳಿಗೆ ಕಬ್ಬಿಣ ಹೆದರತೈತಿ ಅಂದ್ರ ಸುತ್ತಿಗಿ ಯಾಕ ಬೇಕಿತ್ತು? ನಿಮ್ಮವ್ವ ಗುಡ್ಡದ ಮುಂದ ಸುಮ್ನ ನಿಂತಿದ್ರ ಸಾಕಿತ್ತಲ್ಲ."

ಹುಡುಗರು ನಕ್ಕರು. "ನೀನೂ ಬಾ ಅಕ್ಕ" ಎಂದೆ. ಆಕೆ ಜರಡಿಯನ್ನು ಕಂಕುಳಲ್ಲಿಟ್ಟುಕೊಂಡು ಒಳಬಂದು ಗೋಡೆಗೊರಗಿ ನಿಂತಳು.

ಲೋಹ ಕರಗಿ ಲೇಡಲಿಗೆ ಇಳಿಯಿತು. ಉದ್ದ ಹಿಡಿಕೆಯ ಆ ಪಾತ್ರೆಯನ್ನು ಎರಡೂ ಕಡೆ ಹಿಡಿದು ಮೇಸ್ತ್ರಿ ಮತ್ತು ಇನ್ನೊಬ್ಬ ಕೆಲಸಗಾರ ಮೊದಲು ನಮ್ಮ ಹುಡುಗರ ಅಚ್ಚುಗಳಿಗೆ ಹೊಯ್ದರು. ಅನಂತರ, ಪಕ್ಕದಲ್ಲೇ ನಿಂತು ನೋಡುತ್ತಿದ್ದ ಶೆಡ್ಡಿನ ಧಣಿಯ ದೊಡ್ಡ ಪುಲ್ಲಿಗೆ. ಅದರ ಅಚ್ಚು ಗೊಳಗೊಳ ಸದ್ದು ಮಾಡಿ ಕಿಡಿಯುಗುಳಿತು. ಮೇಸ್ತ್ರಿ ಹಿಂದೆ ಜಿಗಿದ. ಲುಂಗಿಯ ಅಂಚು ಸುಟ್ಟಿತಷ್ಟೆ. ಲೇಡಲನ್ನು ಕೆಳಗಿಳಿಸಿದೊಡನೆ ಎಲ್ಲರೂ ಗೋಡೆಗೊರಗಿದ್ದ ಆಕೆಯ ಕಡೆಗೆ ನೋಡಿದರು.

"ನೋಡಿದ್ರ್ಯಾ?" ಎಂದರು ಧಣಿ. "ನಾಳಿಂದ ಈಕಿ ಬರೂದು ಬ್ಯಾಡ."

ಉಪನ್ಯಾಸಕರಿಗೆ ಇದು ಸರಿಕಾಣಲಿಲ್ಲ. ವಿಜ್ಞಾನದ ಪರವಾಗಿ ಅವರು ಹೇಳಿದರು: "ನೆರಳಲ್ರಿ ಅದು. ಮರಳಾಗ ನೀರು ಹೆಚ್ಚಾಗಿರಬೇಕು."

ನೆರಳೂ ಆಕೆಯದೇ, ನೀರೂ ಆಕೆಯದೇ. ಮೂಢನಂಬಿಕೆ ಬೆರಳು ತೋರಿದ ಹೆಂಗಸಿಗೇ ಪಠ್ಯಪುಸ್ತಕವೂ ಬೆರಳು ತೋರಿತ್ತು. ನಾನು ಕರೆದೆನೆಂದು ಒಳಬಂದವಳು ಆಕೆ. ನೆಲಕ್ಕಿಟ್ಟ ಲೇಡಲಿನಲ್ಲಿ ನನ್ನ ಪಾಲಿನ ಲೋಹ ಆರತೊಡಗಿತ್ತು. ಕರಗಿದ ಕಬ್ಬಿಣ ವಾದ ಮುಗಿಯುವವರೆಗೆ ಕಾಯುವುದಿಲ್ಲವೆಂದು ನನಗೆ ಗೊತ್ತಿತ್ತು. ಆದರೂ ಮರಳಿನ ಗುಡ್ಡೆಯ ಕಡೆಗೆ ನಡೆದೆ.

ಒಂದು ಹಿಡಿ ಮರಳು ತೆಗೆದು ಬಿಗಿಯಾಗಿ ಅದುಮಿದೆ. ಮುದ್ದೆ ಉದುರಲಿಲ್ಲ, ಅಂಗೈಗೆ ಅಂಟಲಿಲ್ಲ. ಮುರಿದಾಗ ನೇರವಾಗಿ ಎರಡು ಹೋಳಾಯಿತು. ಹದ ಸರಿಯಾಗಿತ್ತು. ಎರಡು ಹೋಳನ್ನೂ ಉಪನ್ಯಾಸಕರ ಕೈಗಿಟ್ಟು, ಕಿಡಿಯುಗುಳಿದ ಅಚ್ಚಿನ ಬಳಿಗೆ ಹೋಗಿ ಕೇಳಿದೆ:

"ಇದರ ಉಸಿರುಗಂಡಿ ಎಲ್ಲೈತ್ರಿ ಮೇಸ್ತ್ರಿ?"

ಆತ ಧಣಿಯ ಮುಖ ನೋಡಿದ. ಆಮೇಲೆ ನೆಲ ನೋಡಿದ.

"ಚುಚ್ಚಾಕ ಹೊತ್ತೆಲ್ಲಿತ್ತವ್ವ? ಮುಂಜಾನಿಗೊಂದು ಸಲ, ಮಧ್ಯಾಹ್ನಕ್ಕೊಂದು ಸಲ ಕುಲುಮಿ ಹಚ್ಚು ಅಂತಾರ. ಗಣಿಯವರ ಲಾರಿ ಬಾಗ್ಲಾಗ ನಿಂತೈತಿ."

"ಹಂಗಾರ ಆಕಿ ಯಾಕ ಹೋಗಬೇಕು?"

ಧಣಿ ನನ್ನನ್ನು ಬಿಟ್ಟು ಉಪನ್ಯಾಸಕರಿಗೆ ಹೇಳಿದರು: "ಭಾಳ ಮಾತಾಡ್ತಾಳ್ರಿ ನಿಮ್ಮ ಹುಡುಗಿ. ಇನ್ನೊಮ್ಮೆ ಇಂಥವ್ರನ್ನ ಕರಕೊಂಡು ಬರಬ್ಯಾಡ್ರಿ."

"ಹುಡುಗಿ ಮಾತು ಬಿಡ್ರಿ ಧಣಿ" ಎಂದ ಮೇಸ್ತ್ರಿ, ಸುಟ್ಟ ಲುಂಗಿ ಕೊಡವುತ್ತ. "ಆಕೀನ ಕಳಿಸಿದ್ರ ಮರಳು ನೀವ ತುಳೀಬೇಕಾಕ್ಕೈತಿ."

ಧಣಿ ಲಾರಿಯ ಕಡೆಗೆ ಹೋದರು. ಮೇಸ್ತ್ರಿ ಲೇಡಲಿಗೆ ಕಂಬಿ ಹಾಕಿ ಕಲಕಿ ತಲೆಯಾಡಿಸಿದ. "ಆರೈತಿ ತಂಗಿ. ಪೂರಾ ಹರಿಯಂಗಿಲ್ಲ."

"ಇರ್ಲಿ. ಹೊಯ್ಯೂಣ್ರಿ."

ಹಿಡಿಕೆಯ ಒಂದು ತುದಿ ಆತ ಹಿಡಿದ, ಇನ್ನೊಂದನ್ನು ನಾನು. ಲೋಹ ಮಂದವಾಗಿ ಇಳಿದು ಅರ್ಧ ದಾರಿಯಲ್ಲೇ ನಿಂತಿತು. ಅಚ್ಚು ಒಡೆದಾಗ ಕಂಡದ್ದು ಒಂದು ಕಡೆಯ ಅಂಚೇ ಇಲ್ಲದ ಪುಲ್ಲಿ. ಹುಡುಗನೊಬ್ಬನ ಹೆಚ್ಚಿನ ತುಂಡನ್ನು ನನ್ನದೆಂದು ತೋರಿಸಲು ಉಪನ್ಯಾಸಕರು ಹೇಳಿದರು. ನಾನು ಒಪ್ಪಲಿಲ್ಲ. ಪರೀಕ್ಷಕರೆದುರು ಆ ಮುರುಕನ್ನೇ ಇಟ್ಟು, ಲೋಹ ಏಕೆ ಅಂಚು ಮುಟ್ಟಲಿಲ್ಲ, ಅದು ಆರುವಷ್ಟು ಹೊತ್ತು ಏಕೆ ಕಾಯಬೇಕಾಯಿತು, ಎರಡನ್ನೂ ಹೇಳಿದೆ. ಮೊದಲನೆಯ ಉತ್ತರಕ್ಕೆ ಅಂಕ ಕೊಟ್ಟರು. ಎರಡನೆಯದು ಪಠ್ಯದಲ್ಲಿಲ್ಲ ಎಂದರು. ಉತ್ತೀರ್ಣಳಾದೆ, ಕಟ್ಟಕಡೆಯವಳಾಗಿ.

ಕೆಲವು ವಾರಗಳ ನಂತರ ಕುಲುಮೆ ಹಚ್ಚುವ ದಿನವೇ ನೋಡಿಕೊಂಡು, ಯಾರ ಅಪ್ಪಣೆಯನ್ನೂ ಕೇಳದೆ, ಆ ಶೆಡ್ಡಿಗೆ ಹೋದೆ. ಉಳಿದ ಹೆಂಗಸರು ಇನ್ನೂ ಬೇವಿನ ಮರದ ಕೆಳಗೇ ಇದ್ದರು. ಹಿರಿಯಾಕೆ ಮಾತ್ರ ಒಳಗೆ, ಬೋರಲು ಹಾಕಿದ ಪೆಟ್ಟಿಗೆಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದಳು. ಮೇಸ್ತ್ರಿ ಅಚ್ಚಿಗೆ ತಂತಿ ಚುಚ್ಚುತ್ತಿದ್ದ.

"ನಿನ್ ನೆರಳು ಕುಲುಮಿ ಕಡಿ ಬರಾಕತ್ತೈತಿ. ಅತ್ತಾಗ ಸರದು ಕುಂದ್ರು" ಎಂದ, ತಲೆಯೆತ್ತದೆ.

"ಅತ್ತಾಗ ಬಿಸಿಲು ಭಾಳ ಐತಿ" ಎಂದಳು ಆಕೆ. ನನ್ನನ್ನು ಕಂಡು ಪೆಟ್ಟಿಗೆಯ ಮೇಲೆ ಜಾಗ ಬಿಟ್ಟಳು. ಹೊರಗಿದ್ದವರಿಗೂ ಕೈಮಾಡಿದಳು.

"ಬರ್ರೇ. ಎಷ್ಟೊತ್ತು ಕುಂದರ್ತೀರಿ ಅಲ್ಲಿ."