ಒಂದು ಸೈಜ್ ದೊಡ್ಡ ಶೂ

ಪೆಟ್ಟಿಗೆಗೆ ಟೇಪ್ ಅಂಟಿಸುತ್ತಿದ್ದಾಗ ಗ್ರೇಸ್ ಆಂಟಿಗೆ ಫಿಲಿಪ್ಪೀನ್ಸ್‌ನಿಂದ ಫೋನ್ ಬಂತು. ಮಾತು ಮುಗಿಸಿದವರೇ ಟೇಪ್ ಕಿತ್ತು, ಒಂದು ಜೊತೆ ಕಪ್ಪು ಶೂ ಹೊರತೆಗೆದರು.

ನ್ಯೂಜಿಲೆಂಡ್‌ನ ಕ್ರೈಸ್ಟ್‌ಚರ್ಚ್‌ನಲ್ಲಿ ಆಂಟಿ ನಮ್ಮ ಪಕ್ಕದ ಮನೆಯವರು. ತಮ್ಮೂರಲ್ಲಿ ಸ್ಕಾಲರ್‌ಶಿಪ್ ಮೇಲೆ ಓದುವ ಮಕ್ಕಳಿಗೆ ಗೆಳತಿಯರೊಂದಿಗೆ ಸೇರಿ ಪ್ರತಿವರ್ಷ ಶೂ ಕಳಿಸುತ್ತಾರೆ. ಮಕ್ಕಳು ಹಾಳೆಯ ಮೇಲೆ ಪಾದವಿಟ್ಟು ಗೆರೆ ಎಳೆದು ಕಳಿಸಿದ ಅಳತೆ ಹಿಡಿದು ಆ ಸಲ ರಿಕ್ಕರ್ಟನ್ ಮಾಲ್‌ಗೆ ಹೋದವಳು ನಾನು.

"ಒಂದು ಸೈಜ್ ದೊಡ್ಡದೇ ತಗೋ. ಹಡಗಲ್ಲಿ ಹೋಗಿ ತಲುಪೋಷ್ಟರಲ್ಲಿ ಪಾದ ಬೆಳೆದಿರುತ್ತೆ" ಎಂದಿದ್ದರು ಆಂಟಿ.

ಆ ಶೂ ಹೊರತೆಗೆದು ಹೇಳಿದ್ದು ಇಷ್ಟೇ: "ಇದು ಲೀಸಾದು. ಡೆಂಗಿ ಬಂದು ಹೋಗ್ಬಿಟ್ಲಂತೆ."

ನನ್ನ ಮಗಳಿಗೆ ಶೂ ಕೊಳ್ಳುವಾಗ ಇವತ್ತಿಗೂ ತುದಿ ಒತ್ತಿ ನೋಡುತ್ತೇನೆ. ಬೆಳೆಯಲೆಂದು ಬಿಟ್ಟ ಆ ಹೆಬ್ಬೆರಳಗಲದ ಜಾಗ ಸಿಕ್ಕ ಕೂಡಲೇ ಕೈ ಹಿಂದಕ್ಕೆ ಬರುತ್ತದೆ.